ಮೊದಲು ಅಳತೆ, ಆಮೇಲೆ ಅಂಗಡಿ
(ರಾಯದುರ್ಗದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವೇದಿಕೆಯಿಂದ ಪರೀಕ್ಷಾಫಲದ ವಿಷಯವನ್ನೋ ಶಿಸ್ತಿನ ವಿಷಯವನ್ನೋ ಮಾತನಾಡುವುದು ನಮ್ಮ ವಾಡಿಕೆ. ಈ ವರ್ಷ ಹಳೆಯ ಮೋಟಾರು ಕಾರಿನ ಎಂಜಿನ್ನಿನ ವಿಷಯವಾಗಿ ಮಾತನಾಡುತ್ತೇವೆಂದು ತಿಳಿಸಿದಾಗ ಕಾರ್ಯದರ್ಶಿಗಳು ಮುಗುಳ್ನಕ್ಕರು. ನಗುವುದಕ್ಕೆ ಕಾರಣವೂ ಉಂಟು. ಸಂಸ್ಥೆಯ ಅಂಬಾಸಡರ್ ಕಾರು ದಾರಿಯಲ್ಲಿ ನಿಂತ ಕಥೆಯನ್ನು ಅರಿಯದವರು ಈ ಸಭೆಯಲ್ಲಿ ವಿರಳ. ಆದರೆ ಅದರಲ್ಲಿ ನಮ್ಮ ತಪ್ಪು ಎಷ್ಟು ಎಂಬುದನ್ನು ನಾವು ಇದುವರೆಗೆ ಬಹಿರಂಗವಾಗಿ ಹೇಳಿರಲಿಲ್ಲ. ಅದನ್ನು ಹೇಳುವುದು ನಮ್ಮ ಕರ್ತವ್ಯ. ಮಕ್ಕಳಿಗೆ ಅದರಿಂದ ಸ್ವಲ್ಪ ಗಣಿತವೂ ಸ್ವಲ್ಪ ಭೌತಶಾಸ್ತ್ರವೂ ದೊರೆತರೆ ಅದು ಲಾಭ.

ಸಂಸ್ಥೆಯ ಹಿತೈಷಿಗಳೊಬ್ಬರು ದಾನವಾಗಿ ಕೊಟ್ಟ ಆ ಕಾರು 1980ರ ದಶಕದ್ದು, ಪೆಟ್ರೋಲಿನದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಮಾದರಿಯಲ್ಲಿ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿದ ಅಂಬಾಸಡರ್, 2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತುಹೋಯಿತು. ಆದುದರಿಂದ ಇಂದು ಅದರ ಬಿಡಿಭಾಗಗಳನ್ನು ಹುಡುಕಿ ತರಬೇಕು. 1953ರ ಅಕ್ಟೋಬರ್ 1ರವರೆಗೆ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತೆಂಬುದನ್ನು ಹಿರಿಯರು ಬಲ್ಲರು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಆದರೆ ಬಿಡಿಭಾಗ ಬೇಕಾದಾಗ ನಮ್ಮವರು ಬಳ್ಳಾರಿಯ ದಾರಿಯನ್ನು ಮರೆತಿಲ್ಲ. ಅಲ್ಲಿಯೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿಯೂ ಇಲ್ಲವಾದರೆ ಶಿವಾಜಿನಗರದ ಗುಜರಿ.

ಎರಡು ವರ್ಷಗಳ ಹಿಂದೆ ಆ ಕಾರು ನೀಲಿ ಹೊಗೆಯನ್ನು ಉಗುಳತೊಡಗಿತು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಿಸಬೇಕೆಂದು ಸಮಿತಿ ತೀರ್ಮಾನಿಸಿ, ದಾನಿಗಳ ಹಣದಿಂದ ಒಂದು ಮೊತ್ತವನ್ನು ನಮ್ಮ ಕೈಗೆ ಕೊಟ್ಟಿತು. ಪರರ ಹಣವಾದುದರಿಂದ ಪೈಸೆ ಪೈಸೆಯನ್ನೂ ಉಳಿಸಬೇಕೆಂಬ ಹಂಬಲ ನಮ್ಮದು. ಎಂಜಿನ್ನು ಇನ್ನೂ ಕಾರಿನಲ್ಲಿರುವಾಗಲೇ ನಾವು ಮೂರು ಅಂಗಡಿಗಳನ್ನು ಸುತ್ತಿ, ಎಲ್ಲಿ ಯಾವುದು ಅಗ್ಗವೋ ಅಲ್ಲಿ ಅದನ್ನು ಕೊಂಡು ತಂದೆವು. ನಾಲ್ಕು ಪಿಸ್ಟನ್ನುಗಳಲ್ಲಿ ಮೂರು ಒಬ್ಬ ತಯಾರಕರದು, ಒಂದು ಇನ್ನೊಬ್ಬರದು. ಬೇರಿಂಗುಗಳು ಬೇರೊಂದು ಅಂಗಡಿಯವು. ಎಲ್ಲವೂ ಹೊಸವು, ಎಲ್ಲವೂ ಒಳ್ಳೆಯವು, ಎಲ್ಲದರ ಪೆಟ್ಟಿಗೆಯ ಮೇಲೂ ‘ಅಂಬಾಸಡರ್’ ಎಂದು ಅಚ್ಚಾಗಿತ್ತು. ಇಷ್ಟು ಸಾಕೆಂದು ನಾವು ತಿಳಿದೆವು.

ಆ ದಿನಗಳಲ್ಲಿ ಮಡಕಶಿರದಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮನ್ನು ಕಾಣಲು ಬಂದಿದ್ದ. ನಾವು ಅಲ್ಲಿ ಉಪಾಧ್ಯಾಯರಾಗಿದ್ದಾಗ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟವನು. ಈಗ ಸ್ವಂತ ಗ್ಯಾರೇಜು ನಡೆಸುತ್ತಾನೆ. ತನ್ನ ಹೆಸರನ್ನು ಹೇಳಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಮೇಜಿನ ಮೇಲಿದ್ದ ಪೆಟ್ಟಿಗೆಗಳನ್ನು ನೋಡಿ ಅವನು, “ಸಾರ್, ಎಂಜಿನ್ ಬಿಚ್ಚಿದ್ದೀರಾ?” ಎಂದ. ಇಲ್ಲವೆಂದೆವು. “ಹಾಗಾದರೆ ಇವನ್ನು ಯಾವ ಲೆಕ್ಕದ ಮೇಲೆ ತಂದಿರಿ ಸಾರ್? ಮೊದಲು ಅಳತೆ, ಆಮೇಲೆ ಅಂಗಡಿ” ಎಂದ. ನಾವು ನಕ್ಕು, “ನಿನಗೆ ಲೆಕ್ಕ ಕಲಿಸಿದವರು ನಾವಪ್ಪಾ” ಎಂದೆವು. ಅವನು ತಲೆ ತಗ್ಗಿಸಿ ಸುಮ್ಮನಾದ. ಆ ಮಾತನ್ನು ನೆನೆದರೆ ಇಂದಿಗೂ ನಮಗೆ ನಾಚಿಕೆಯಾಗುತ್ತದೆ.

ಅವನ ಮಾತಿನಲ್ಲಿದ್ದ ತತ್ತ್ವವನ್ನು ಈಗ ವಿವರಿಸುತ್ತೇವೆ. 1908ರಲ್ಲಿ ಲಂಡನ್ನಿನ ಸಮೀಪದ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಮುಂದೆ ಒಂದು ಪರೀಕ್ಷೆ ನಡೆಯಿತು. ಅಮೆರಿಕದ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಕಲಸಿ, ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಕಟ್ಟಿದರು. ಅವು 500 ಮೈಲಿ ಓಡಿದವು. ಒಂದು ಕಾರಿನ ಭಾಗ ಇನ್ನೊಂದಕ್ಕೆ ಅರ ಹಾಕದೆ, ಸುತ್ತಿಗೆ ಮುಟ್ಟಿಸದೆ ಹೊಂದಬಲ್ಲದೆಂಬುದು ಅಂದಿನ ಜನಕ್ಕೆ ಅಚ್ಚರಿಯಾಗಿತ್ತು. ಇಂದು ಅದು ಸಾಮಾನ್ಯ ಸಂಗತಿ.

ಆದರೆ ವಿದ್ಯಾರ್ಥಿಗಳೇ, ಆ ಗುಣವಿರುವುದು ಹೊಸ ಯಂತ್ರಕ್ಕೆ. ಹಳೆಯ ಎಂಜಿನ್ನು ಸವೆದಿದೆ. ಹಿಂದೆ ಯಾರೋ ಅದನ್ನು ಬಿಚ್ಚಿ, ಕೊರೆದು, ಉಜ್ಜಿದ್ದಾರೆ. ಕಾರ್ಖಾನೆಯಿಂದ ಹೊರಟಾಗ ಸಾವಿರ ಅಣ್ಣತಮ್ಮಂದಿರಂತೆ ಒಂದೇ ಅಳತೆಯಲ್ಲಿದ್ದ ಎಂಜಿನ್ನುಗಳು ನಲವತ್ತು ವರ್ಷಗಳ ಬಾಳಿನ ಅನಂತರ ಒಂದೊಂದೂ ಒಂದೊಂದು ಅಳತೆಯದಾಗುತ್ತವೆ. ಆಗ ಹೆಸರನ್ನು ಹೇಳಿ ಬಿಡಿಭಾಗ ಕೊಳ್ಳಲಾಗದು; ಎಂಜಿನ್ನನ್ನೇ ಕೇಳಿ ಕೊಳ್ಳಬೇಕು. ಎಂಜಿನ್ನು ಉತ್ತರ ಹೇಳುವುದು ಅಳತೆಯ ಭಾಷೆಯಲ್ಲಿ.

ನಮ್ಮ ಕಾರಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಹೊಸದಿದ್ದಾಗ ಒಂದೊಂದರ ಒಳವ್ಯಾಸ 73.025 ಮಿಲಿಮೀಟರು, ಅಂದರೆ 2.875 ಇಂಚು. ಪಿಸ್ಟನ್ನು ಏರಿಳಿಯುವ ದೂರ 88.9 ಮಿಲಿಮೀಟರು, ಅಂದರೆ ಸರಿಯಾಗಿ ಮೂರೂವರೆ ಇಂಚು. ವೃತ್ತದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ, ನಾಲ್ಕರಿಂದ ಗುಣಿಸಿದರೆ 1489 ಘನ ಸೆಂಟಿಮೀಟರು ಬರುತ್ತದೆ. ಒಂಬತ್ತನೆಯ ತರಗತಿಯವರು ಇಂದು ಮನೆಯಲ್ಲಿ ಇದನ್ನು ಮಾಡಿ ನೋಡಬೇಕು. ಸಿಲಿಂಡರು ಸವೆದು ಮೊಟ್ಟೆಯಾಕಾರವಾದಾಗ ಅದನ್ನು ಲೇತಿನವರು ಕೊರೆದು ಮತ್ತೆ ದುಂಡಗೆ ಮಾಡುತ್ತಾರೆ. ಆಗ ದೊಡ್ಡ ಪಿಸ್ಟನ್ನು ಬೇಕು. ಇಂಚಿನ ಸಾವಿರದ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗ ದೊಡ್ಡದೆಂದು ಅವು ಬರುತ್ತವೆ. ನಲವತ್ತಕ್ಕೆ ಕೊರೆದರೆ ನಮ್ಮ ಎಂಜಿನ್ನು ಸುಮಾರು 1531 ಘನ ಸೆಂಟಿಮೀಟರಿನದಾಗುತ್ತದೆ.

ಇನ್ನು ಕ್ರಾಂಕಿನ ವಿಷಯ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ಉಕ್ಕಿನ ದಂಡವೇ ಕ್ರಾಂಕು. ಅದನ್ನು ಕನೆಕ್ಟಿಂಗ್ ರಾಡಿನ ತುದಿಯಲ್ಲಿ ತೆಳುವಾದ ಅರ್ಧಚಂದ್ರಾಕಾರದ ಎರಡು ಬೇರಿಂಗುಗಳು ಅಪ್ಪಿಕೊಂಡಿರುತ್ತವೆ. ಕ್ರಾಂಕು ಸವೆದರೆ ಉಜ್ಜಿ ಸಣ್ಣದು ಮಾಡಬೇಕು. ಅದು ಸಣ್ಣದಾದಷ್ಟೂ ಬೇರಿಂಗು ದಪ್ಪನಾಗಬೇಕು. ಇಲ್ಲಿಯೂ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದೇ ಹೇಳುತ್ತಾರೆ. ಪಿಸ್ಟನ್ನಿನ ಪೆಟ್ಟಿಗೆಯ ಮೇಲೆ ಮೂವತ್ತೆಂದರೆ ದೊಡ್ಡದೆಂದರ್ಥ. ಬೇರಿಂಗಿನ ಪೆಟ್ಟಿಗೆಯ ಮೇಲೆ ಮೂವತ್ತೆಂದರೆ ಕ್ರಾಂಕು ಅಷ್ಟು ಸಣ್ಣದಾಗಿದೆಯೆಂದರ್ಥ. ಅಂಕಿ ಒಂದೇ, ಅರ್ಥ ಎರಡು. ಕ್ರಾಂಕಿಗೂ ಬೇರಿಂಗಿಗೂ ನಡುವೆ ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಮಾತ್ರ ತೆರವಿರಬೇಕು. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ತೆರವಿನಲ್ಲಿ ಆಯಿಲಿನ ಪದರ ನಿಂತು ಲೋಹ ಲೋಹವನ್ನು ಮುಟ್ಟದಂತೆ ಕಾಯುತ್ತದೆ. ತೆರವು ಹೆಚ್ಚಾದರೆ ಆಯಿಲು ಹರಿದುಹೋಗುತ್ತದೆ, ಒತ್ತಡ ಇಳಿಯುತ್ತದೆ, ಲೋಹ ಲೋಹವನ್ನು ಬಡಿಯುತ್ತದೆ.

ನಾವು ಕೊಂಡಿದ್ದ ಬೇರಿಂಗು ಇಪ್ಪತ್ತರದು. ಎಂಜಿನ್ನನ್ನು ಬಿಚ್ಚಿದ ಮೇಲೆ ಕ್ರಾಂಕನ್ನು ಮೂವತ್ತಕ್ಕೆ ಉಜ್ಜದೆ ಗತ್ಯಂತರವಿಲ್ಲವೆಂದು ತಿಳಿಯಿತು. ಮೂವತ್ತರ ಬೇರಿಂಗು ತರಿಸಲು ಎಂಟು ದಿನ ಬೇಕೆಂದು ಗ್ಯಾರೇಜಿನವನು ಹೇಳಿದ. ನಾವು ಒಪ್ಪಲಿಲ್ಲ. ಅನಂತಪುರದಲ್ಲಿ ನಮ್ಮ ಶಾಲೆಯ ಮೂವರು ಬಾಲಿಕೆಯರಿಗೆ ವಸತಿ ಕಾಲೇಜಿನ ಪ್ರವೇಶ ಪರೀಕ್ಷೆಯಿತ್ತು. ಅವರನ್ನು ಕಾರಿನಲ್ಲಿಯೇ ಕರೆದೊಯ್ಯುವೆವೆಂದು ಮಾತು ಕೊಟ್ಟಿದ್ದೆವು. “ತಂದಿರುವುದರಲ್ಲಿಯೇ ಹೇಗಾದರೂ ಮುಗಿಸು” ಎಂದೆವು. ಅವನು ಹೇಗಾದರೂ ಮುಗಿಸಿದ. ತಗಡಿನ ತೆಳುವಾದ ತುಂಡನ್ನು ಕತ್ತರಿಸಿ ಬೇರಿಂಗಿನ ಹಿಂದೆ ಇಟ್ಟು ದಪ್ಪ ಮಾಡಿದನೆಂದು ಆಮೇಲೆ ತಿಳಿಯಿತು. ಬೇರಿಂಗಿನ ಬೆನ್ನು ಕನೆಕ್ಟಿಂಗ್ ರಾಡಿಗೆ ಪೂರ್ತಿಯಾಗಿ ತಾಗಿದ್ದರೆ ಮಾತ್ರ ಅದರ ಶಾಖ ಹರಿದುಹೋಗುತ್ತದೆ. ನಡುವೆ ತಗಡು ಬಂದರೆ ಶಾಖ ಅಲ್ಲಿಯೇ ನಿಲ್ಲುತ್ತದೆ, ತಗಡು ಜರುಗುತ್ತದೆ. ತಪ್ಪು ಅವನದೆಂದು ನಾವು ಹೇಳಲಾರೆವು. ಹೊಂದದ ವಸ್ತುವನ್ನು ಕೈಗೆ ಕೊಟ್ಟು ಅವಸರ ಮಾಡಿದವರು ನಾವು.

ಪರೀಕ್ಷೆಯ ದಿನ ಬೆಳಗಿನ ಜಾವ ರಾಯದುರ್ಗದಿಂದ ಹೊರಟೆವು. ಕಲ್ಯಾಣದುರ್ಗ ದಾಟಿದ ಮೇಲೆ ಎಂಜಿನ್ನಿನೊಳಗೆ ಸುತ್ತಿಗೆ ಬಡಿದಂತೆ ಸದ್ದಾಯಿತು. ಸ್ವಲ್ಪ ದೂರದಲ್ಲಿ ಕಾರು ನಿಂತೇಹೋಯಿತು. ಹಿಂದಿನಿಂದ ಬಂದ ಬಸ್ಸನ್ನು ಹತ್ತಿ ಪರೀಕ್ಷಾಸ್ಥಳ ಸೇರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಆ ಮೂವರಲ್ಲಿ ಇಬ್ಬರು ಬೇರೆ ಕಾಲೇಜಿಗೆ ಸೇರಿದರು. ಮೂರನೆಯವಳ ಮನೆಯಲ್ಲಿ ವಸತಿಯಿಲ್ಲದ ಕಾಲೇಜಿಗೆ ಕಳುಹಿಸುವ ಅನುಕೂಲವಿರಲಿಲ್ಲ. ಅವಳ ಒಂದು ವರ್ಷ ಹೋಯಿತು. ಅವಳ ತಂದೆ ಇಂದು ಈ ಸಭೆಯಲ್ಲಿದ್ದಾರೆ. ಅವರು ನಮ್ಮನ್ನು ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಕಾರನ್ನು ಲಾರಿಗೆ ಹಾಕಿಸಿ ಮಡಕಶಿರಕ್ಕೆ ಕಳುಹಿಸಿದೆವು. ಆ ಹಳೆಯ ವಿದ್ಯಾರ್ಥಿ “ನಾನು ಹೇಳಿರಲಿಲ್ಲವೇ ಸಾರ್” ಎನ್ನಲಿಲ್ಲ. ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ದಿನ ಬರೀ ಅಳತೆ ಮಾಡಿದ. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಒಂದೊಂದು ಎತ್ತರದಲ್ಲಿ ಎರಡು ದಿಕ್ಕುಗಳಲ್ಲಿ ಅಳೆದು, ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಆ ಪುಟದಲ್ಲಿ ಇಪ್ಪತ್ತನಾಲ್ಕು ಅಂಕಿಗಳಿದ್ದವು. ಗಣಿತದಲ್ಲಿ ನಪಾಸಾದವನ ಕೈಬರಹ ಅದು! ಒಂದು ಅಂಕಿಯಲ್ಲಿಯೂ ತಪ್ಪಿರಲಿಲ್ಲ. ಪಿಸ್ಟನ್ನುಗಳನ್ನು ತೂಗಲು ಸೂಕ್ಷ್ಮವಾದ ತಕ್ಕಡಿ ಬೇಕೆಂದಾಗ ನಾವು ಅವನ್ನು ಶಾಲೆಗೆ ತಂದು, ಪ್ರಯೋಗಶಾಲೆಯ ತಕ್ಕಡಿಯಲ್ಲಿ ಮಕ್ಕಳ ಮುಂದೆಯೇ ತೂಗಿದೆವು. ಬೇರೆ ತಯಾರಕರ ಆ ನಾಲ್ಕನೆಯ ಪಿಸ್ಟನ್ನು ಉಳಿದವಕ್ಕಿಂತ 14 ಗ್ರಾಂ ಭಾರವಾಗಿತ್ತು. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಹದಿನಾಲ್ಕು ಗ್ರಾಂ ಎಂದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು.

ಅವನಿಂದ ನಾವು ಕಲಿತ ಪಾಠಗಳನ್ನು, ಹಳೆಯ ವಾಹನವುಳ್ಳ ಪೋಷಕರ ಉಪಯೋಗಕ್ಕಾಗಿ ಹೇಳುತ್ತೇವೆ.

ಮೊದಲನೆಯದು, ಕಾರಿನ ಹೆಸರನ್ನು ನಂಬಬಾರದು. ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಓದಬೇಕು. ಅಂಬಾಸಡರ್ ಒಂದೇ ಹೆಸರು. ಆದರೆ ಮೊದಮೊದಲಿನ ಕಾರುಗಳಲ್ಲಿ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿದ್ದವು. ಅನಂತರ ಬಂದ ಎಂಜಿನ್ನಿನಲ್ಲಿ ಹೆಡ್ಡಿನ ಮೇಲಿದ್ದವು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ನೂ ಬಂತು. 1489 ಎಂಬ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಲಾಗದು, ಡೀಸೆಲ್ ಅಂಬಾಸಡರಿನದೂ 1489 ಘನ ಸೆಂಟಿಮೀಟರೇ. ಪೆಟ್ರೋಲಿನದು ಗಾಳಿಯನ್ನು ಏಳೆಂಟು ಪಟ್ಟು ಒತ್ತಿದರೆ ಡೀಸೆಲಿನದು ಇಪ್ಪತ್ತಮೂರು ಪಟ್ಟು ಒತ್ತುತ್ತದೆ. ಅದರ ಪಿಸ್ಟನ್ನು ಇದಕ್ಕೆ, ಇದರ ಪಿಸ್ಟನ್ನು ಅದಕ್ಕೆ ಸಲ್ಲದು. ವಿಲಾಯಿತಿಯ ಎಂಜಿಬಿ ಎಂಬ ಕಾರಿನ 1798ರ ಎಂಜಿನ್ನು ನಮ್ಮದರ ವಂಶದ್ದೇ. ಆದರೆ 1964ರಿಂದ ಅದರ ಕ್ರಾಂಕನ್ನು ಐದು ಕಡೆ ಆಧರಿಸಿದ್ದಾರೆ, ನಮ್ಮದನ್ನು ಮೂರು ಕಡೆ. ಒಂದೇ ವಂಶವೆಂದ ಮಾತ್ರಕ್ಕೆ ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ.

ಎರಡನೆಯದು, ಬಿಡಿಭಾಗವನ್ನು ಒಂಟಿಯಾಗಿ ನೋಡದೆ ಅದರ ನೆರೆಯ ಭಾಗದೊಡನೆ ನೋಡಬೇಕು. ಇದಕ್ಕೆ ಹಳೆಯ ವಿಲ್ಲಿಸ್ ಜೀಪು ಒಳ್ಳೆಯ ಉದಾಹರಣೆ. ಯುದ್ಧಕಾಲದ ಜೀಪಿನಲ್ಲಿ ಕ್ರಾಂಕು ಕ್ಯಾಂಶಾಫ್ಟನ್ನು ಚೈನಿನ ಮೂಲಕ ತಿರುಗಿಸುತ್ತಿತ್ತು. ಯುದ್ಧಾನಂತರ ಚೈನನ್ನು ಬಿಟ್ಟು ಹಲ್ಲಿನ ಚಕ್ರಗಳನ್ನು ಹಾಕಿದರು. ಎಂಜಿನ್ನಿನ ಗಾತ್ರ ಬದಲಾಗಲಿಲ್ಲ. ಆದರೆ ಸೈಕಲ್ಲನ್ನು ನೋಡಿದವರೆಲ್ಲ ಬಲ್ಲಂತೆ, ಚೈನು ಎರಡು ಚಕ್ರಗಳನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹಲ್ಲಿಗೆ ಹಲ್ಲು ಕೂಡಿದ ಚಕ್ರಗಳೋ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಆದುದರಿಂದ ಒಂದರ ಕ್ಯಾಂಶಾಫ್ಟು ಇನ್ನೊಂದಕ್ಕೆ ಬರುವುದಿಲ್ಲ. ಅದರಿಂದ ತಿರುಗುವ ಆಯಿಲ್ ಪಂಪೂ ಬರುವುದಿಲ್ಲ. ಒಂದು ಭಾಗವನ್ನು ಬದಲಿಸುವಾಗ ಅದು ಯಾವುದರ ಕೈಹಿಡಿದಿದೆಯೆಂದು ವಿಚಾರಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಮೂರನೆಯದು, ಜೊತೆಯಾಗಿ ಬಾಳಿದವನ್ನು ಅಗಲಿಸಬಾರದು. ಕನೆಕ್ಟಿಂಗ್ ರಾಡನ್ನೂ ಅದರ ಕೆಳಗಿನ ಟೋಪಿಯನ್ನೂ ಒಟ್ಟಿಗೆ ಕೂಡಿಸಿಯೇ ಕೊರೆದಿರುತ್ತಾರೆ. ಒಂದರ ಟೋಪಿಯನ್ನು ಇನ್ನೊಂದಕ್ಕೆ ಹಾಕಿದರೆ ರಂಧ್ರ ದುಂಡಗಿರದು. ಬಿಚ್ಚುವಾಗಲೇ ಸಂಖ್ಯೆ ಗುರುತಿಸಬೇಕು. ಪಿಸ್ಟನ್ನುಗಳನ್ನು ಒಂದೇ ಸೆಟ್ಟಾಗಿ ಕೊಳ್ಳಬೇಕು, ಅವು ಕೈಗೆ ಬಂದ ಮೇಲೆಯೇ ಅವುಗಳ ಅಳತೆಗೆ ಸಿಲಿಂಡರನ್ನು ಕೊರೆಯಿಸಬೇಕು.

ನಾಲ್ಕನೆಯದು, ಬೋಲ್ಟಿನಂಥ ಸಣ್ಣ ವಸ್ತುವನ್ನೂ ಅಲ್ಲಗಳೆಯಬಾರದು. ಅಂಬಾಸಡರಿನ ಎಂಜಿನ್ನು ಇಂಚಿನ ಲೆಕ್ಕದ್ದು, ಫಿಯಟ್ ಕಾರಿನದು ಮಿಲಿಮೀಟರಿನ ಲೆಕ್ಕದ್ದು. ಇಂಚಿನ ಹದಿನಾರರಲ್ಲಿ ಐದು ಭಾಗವೆಂದರೆ 7.94 ಮಿಲಿಮೀಟರು. ಅಲ್ಲಿಗೆ 8 ಮಿಲಿಮೀಟರಿನ ಬೋಲ್ಟನ್ನು ಹಚ್ಚಿದರೆ ಒಂದೆರಡು ಸುತ್ತು ಹೋದಂತೆ ಮಾಡಿ, ಬಿಗಿದಾಗ ಮರೆಯನ್ನೇ ಕೆಡಿಸುತ್ತದೆ. ಬಹುಮಟ್ಟಿಗೆ ಹೊಂದುವುದು ಸ್ವಲ್ಪವೂ ಹೊಂದದುದಕ್ಕಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಹೊಂದದುದು ಒಳಗೇ ಹೋಗುವುದಿಲ್ಲ.

ಐದನೆಯದು, ಕಾಲಕ್ಕೂ ಹೊಂದಬೇಕು. ಆ ಎಂಜಿನ್ನನ್ನು ರಚಿಸಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸವಿರುತ್ತಿತ್ತು. ಅದು ವಾಲ್ವಿನ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. 2000ನೆಯ ಇಸವಿಯಿಂದ ನಮ್ಮ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ. ಆದುದರಿಂದ ಹೆಡ್ಡನ್ನು ಬಿಚ್ಚಿದಾಗಲೇ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿಯಾದ ಉಕ್ಕಿನ ಪೀಠಗಳನ್ನು ಕೂರಿಸುವುದು ಮೇಲು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರಿನ ಕೊಳವೆಗಳೂ ಪೆಟ್ರೋಲ್ ಪಂಪಿನ ಒಳಪೊರೆಯೂ ಅದರಿಂದ ಹಾಳಾಗುತ್ತವೆ. ಅವನ್ನು ಎಥನಾಲನ್ನು ತಡೆಯುವ ಜಾತಿಯವನ್ನಾಗಿ ಬದಲಿಸಬೇಕು. ಹಳೆಯದನ್ನು ಹಳೆಯದರಂತೆಯೇ ಕಟ್ಟುವುದೇ ನಿಷ್ಠೆಯೆಂದು ತಿಳಿದು ಇದನ್ನು ಮರೆಯಬಾರದು.

ಈಗ ಆ ಕಾರು ಓಡುತ್ತಿದೆ. ಹೊರಗೆ ಬೇವಿನ ಮರದ ನೆರಳಿನಲ್ಲಿ ನಿಂತಿರುವುದನ್ನು ತಾವು ನೋಡಿಯೇ ಬಂದಿರಿ. ಆದರೆ ನಮ್ಮ ಅವಸರದ ಬೆಲೆ ತೆತ್ತಾಗಿದೆ. ಗೀರುಬಿದ್ದ ಕ್ರಾಂಕನ್ನು ನಲವತ್ತಕ್ಕೆ ಉಜ್ಜಬೇಕಾಯಿತು. ಅದರಾಚೆಯ ಅಳತೆಗೆ ಬೇರಿಂಗು ಸುಲಭವಾಗಿ ದೊರೆಯುವುದಿಲ್ಲ. ಅಂದರೆ ಮುಂದಿನ ಸಲಕ್ಕೆಂದು ಉಳಿದಿದ್ದ ಆಯುಸ್ಸನ್ನು ನಾವು ಈ ಸಲವೇ ಕಳೆದುಬಿಟ್ಟೆವು. ಎರಡನೆಯ ಸಲದ ಖರ್ಚನ್ನು ನಾವು ಸಂಸ್ಥೆಯ ಲೆಕ್ಕಕ್ಕೆ ಹಾಕಲಿಲ್ಲ. ಅದು ನಮ್ಮ ಪಾಠದ ಶುಲ್ಕ.

ಪೋಷಕ ಮಹಾಶಯರೇ, ಪರೀಕ್ಷೆಗಳು ಮುಗಿದ ಕೂಡಲೇ ತಮ್ಮಲ್ಲಿ ಅನೇಕರು ನಮ್ಮ ಕೊಠಡಿಗೆ ಬಂದು, “ಎಲ್ಲರೂ ಸೇರಿಸುವ ಕೋರ್ಸಿಗೆ ನಮ್ಮ ಹುಡುಗನನ್ನೂ ಸೇರಿಸಿದ್ದೇವೆ, ಹಣ ಕಟ್ಟಿಬಿಟ್ಟಿದ್ದೇವೆ” ಎನ್ನುತ್ತೀರಿ. ಮಗುವನ್ನು ಯಂತ್ರಕ್ಕೆ ಹೋಲಿಸಬಾರದು. ಯಂತ್ರವಾದರೆ ನಾವು ಕೇಳದಿದ್ದರೂ ಸದ್ದು ಮಾಡಿಯಾದರೂ ಹೇಳುತ್ತದೆ. ಮಗು ಎಷ್ಟೋ ಸಲ ಸುಮ್ಮನಿದ್ದುಬಿಡುತ್ತದೆ. ಆದರೆ ಕೊಂಡ ಮೇಲೆ ಅಳೆಯುವ ತಪ್ಪನ್ನು ನಾವು ಕಾರಿನಲ್ಲಿ ಮಾಡಿದೆವು. ತಾವು ಮಕ್ಕಳ ವಿಷಯದಲ್ಲಿ ಮಾಡಬೇಡಿರೆಂದು ಪ್ರಾರ್ಥಿಸುತ್ತೇವೆ. ಉಪಾಧ್ಯಾಯರಾದ ನಾವೂ ಒಂದು ವಿಷಯದಲ್ಲಿ ತಿದ್ದಿಕೊಳ್ಳಬೇಕು. ಇಪ್ಪತ್ತನಾಲ್ಕು ಅಂಕಿಗಳನ್ನು ತಪ್ಪಿಲ್ಲದೆ ಬರೆಯಬಲ್ಲ ಕೈ ನಮ್ಮ ತರಗತಿಯಲ್ಲಿಯೇ ಕುಳಿತಿತ್ತು. ಅದನ್ನು ಅಳೆಯುವ ಸರಿಯಾದ ಸಾಧನ ನಮ್ಮ ಬಳಿಯಿರಲಿಲ್ಲ.

ಆ ಮೂರನೆಯ ಬಾಲಿಕೆ ಈ ವರ್ಷ ಮತ್ತೆ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುತ್ತಾಳೆ. ಹಿಂದಿನ ದಿನವೇ ಅವಳನ್ನೂ ಅವಳ ತಂದೆಯನ್ನೂ ಅನಂತಪುರಕ್ಕೆ ಕರೆದೊಯ್ಯುತ್ತೇವೆ. ಕಾರನ್ನು ನಡೆಸಲು ಮಡಕಶಿರದಿಂದ ಬರುವವನು ಯಾರೆಂಬುದನ್ನು ತಾವು ಊಹಿಸಬಲ್ಲಿರಿ. ಅವನು ಈಗಾಗಲೇ ಕಾಗದ ಬರೆದಿದ್ದಾನೆ: ಹೊರಡುವ ವಾರದ ಮುಂಚೆ ಬಂದು ಆಯಿಲಿನ ಒತ್ತಡವನ್ನು ಅಳೆಯುತ್ತಾನಂತೆ.